ಮೂರಂಕಿ ನೋಡಿ ಮನೆ ಕೊಡೋದಾ?

ಜೂನ್ ಬಂತೆಂದರೆ ಸಾಕು, ಬೆಳಗಾವಿಯ ಟಿಳಕವಾಡಿ, ಹಿಂದವಾಡಿ, ಶಹಾಪುರ, ಅನಗೋಳದ ಗೇಟುಗಳಿಗೆ ‘ಮನೆ ಬಾಡಿಗೆಗೆ ಇದೆ’ ಅನ್ನೋ ಬೋರ್ಡು ಬೀಳುತ್ತದೆ. ಮಕ್ಕಳ ಶಾಲೆ-ಕಾಲೇಜು, ವರ್ಗಾವಣೆ, ಹೊಸ ನೌಕರಿ... ಮನೆ ಹುಡುಕುವವರ ಓಡಾಟ ಜೋರು. ಖಾನಾಪುರ ತಾಲ್ಲೂಕಿನ ಹಲಸಿ, ನಂದಗಡ, ಬೀಡಿ ಕಡೆಯಿಂದ ಮಕ್ಕಳ ಓದಿಗೆಂದು ಬರುವ ತಾಯಂದಿರು, ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯಲು ಬರುವವರು, ವಿಟಿಯು, ಕೆಎಲ್‌ಇ ಅಂತ ಬರುವ ಹುಡುಗ-ಹುಡುಗಿಯರು, ಹೀಗೆ ನಾನಾ ತರಹದ ಜನ.

ಇವರಿಗೆಲ್ಲ ಬಾಗಿಲು ತೆಗೆದು ಮನೆ ತೋರಿಸುವವರು ಯಾರು? ಬಹುತೇಕ ನಾವೇ, ಗೃಹಿಣಿಯರು! ಯಜಮಾನರು ಆಫೀಸಿಗೆ, ಅಂಗಡಿಗೆ ಹೋಗಿರುತ್ತಾರೆ. ಒಲೆಯ ಮೇಲಿನ ಹಾಲು ಆರಿಸಿ ಬಂದು, ಮೇಲಿನ ಮನೆ ತೋರಿಸಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಹೇಳಿ, ಬಂದವರ ಮುಖ ನೋಡಿ ‘ಇವರು ಹೊಂದಿಕೊಂಡಾರಾ?’ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುವವರು ನಾವು. ಎಷ್ಟೋ ಮನೆಗಳಲ್ಲಿ ಆ ಬಾಡಿಗೆಯೇ ಮಕ್ಕಳ ಫೀಸು, ಅತ್ತೆ-ಮಾವನವರ ಔಷಧಿ. ಎರಡು ತಿಂಗಳು ಬರದಿದ್ದರೆ ಮನೆಯ ಲೆಕ್ಕವೇ ಅಡ್ಡಾದಿಡ್ಡಿ.

ಹಾಗಾಗಿ ಯಾರಿಗೆ ಕೊಡಬೇಕು ಅನ್ನೋ ಚಿಂತೆ ಹೊಸದಲ್ಲ. ಮೊದಲು ‘ಯಾವ ಊರು? ಯಾವ ಮಂದಿ? ಯಾರ ಪೈಕಿ?’ ಅಂತ ಕೇಳುತ್ತಿದ್ದರು. ಪರಿಚಯದವರೊಬ್ಬರು ‘ಚಲೋ ಮಂದಿ ಅದಾರ, ಕೊಡ್ರಿ’ ಅಂದರೆ ಮುಗೀತು, ಕೀಲಿ ಕೈ ಬದಲಾಗುತ್ತಿತ್ತು. ಈಗ ಅದರ ಜಾಗಕ್ಕೆ ಹೊಸ ಪ್ರಶ್ನೆಯೊಂದು ಬಂದು ಕೂತಿದೆ: ‘ನಿಮ್ಮ ಸಿಬಿಲ್ ಸ್ಕೋರ್ ಎಷ್ಟು?’

ಬೆಂಗಳೂರು, ಪುಣೆಯಲ್ಲಿ ಇರುವ ಮಕ್ಕಳು ಫೋನಿನಲ್ಲಿ ತಾಯಂದಿರಿಗೆ ಇದನ್ನೇ ಹೇಳಿಕೊಡುತ್ತಿದ್ದಾರೆ. ‘ಆಯೀ, ಸ್ಕೋರ್ ಕೇಳಿ ಕೊಡು, ಕಡಿಮೆ ಇದ್ರ ಬ್ಯಾಡ ಅನ್ನು’ ಅಂತ. ನಮ್ಮ ಓಣಿಯ ಕಾಕು ಒಬ್ಬರು ನಗುತ್ತಾ ಅಂದರು, ‘ಏನವಾ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕೇಳಿದಂಗ ಕೇಳಬೇಕಂತ! ಪಾಸಾದವ್ರಿಗೆ ಮನಿ, ನಪಾಸಾದವ್ರಿಗೆ ಇಲ್ಲ.’

ಕಾಕು ಹೇಳಿದ್ದು ತಮಾಷೆಗೆ. ಆದರೆ ವಿಷಯ ತಮಾಷೆಯದಲ್ಲ. ಬಾಡಿಗೆದಾರರನ್ನು ವಿಚಾರಿಸಲೇಬೇಕು, ಕಣ್ಣುಮುಚ್ಚಿ ಮನೆ ಕೊಡುವ ಕಾಲ ಇದಲ್ಲ. ಆದರೆ ಆ ಮೂರಂಕಿಯನ್ನೇ ತೀರ್ಪು ಅಂತ ತಿಳಿದುಕೊಂಡರೆ ಒಳ್ಳೆಯ ಬಾಡಿಗೆದಾರರನ್ನು ಕೈಯಾರೆ ವಾಪಸು ಕಳಿಸುತ್ತೇವೆ. ಅದರಲ್ಲೂ ಮೊದಲು ವಾಪಸು ಹೋಗುವವಳು ಹೆಣ್ಣುಮಗಳೇ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಏನಿದು ಸ್ಕೋರ್?

ಸಿಬಿಲ್ ಅನ್ನೋದು 2000ನೇ ಇಸವಿಯಲ್ಲಿ ಶುರುವಾದ ಸಂಸ್ಥೆ. ಈಗ ಅದರ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ನಾವು ‘ಸಿಬಿಲ್’ ಅಂತ ಒಂದೇ ಹೆಸರು ಹೇಳಿದರೂ ಇಂಥ ಕಂಪನಿಗಳು ನಮ್ಮಲ್ಲಿ ನಾಲ್ಕಿವೆ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಉಳಿದ ಮೂರು. 2005ರಲ್ಲಿ ಇವಕ್ಕೆಂದೇ ಒಂದು ಕಾಯ್ದೆ ಬಂತು. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು ಇವು ಕೆಲಸ ಮಾಡುತ್ತವೆ.

ನೀವು ಬ್ಯಾಂಕಿನಲ್ಲಿ ಸಾಲ ತೆಗೆದರೆ, ಕ್ರೆಡಿಟ್ ಕಾರ್ಡ್ ಬಳಸಿದರೆ, ಕಂತು ಸರಿಯಾಗಿ ಕಟ್ಟಿದಿರೋ ತಡ ಮಾಡಿದಿರೋ ಅನ್ನೋ ಮಾಹಿತಿ ಬ್ಯಾಂಕಿನಿಂದ ಈ ಕಂಪನಿಗಳಿಗೆ ಹೋಗುತ್ತದೆ. 2025ರ ಜನವರಿಯಲ್ಲಿ 15 ದಿನಕ್ಕೊಮ್ಮೆ ಹೋಗಬೇಕು ಅನ್ನೋ ನಿಯಮ ಬಂತು. ಅದನ್ನೆಲ್ಲ ಕೂಡಿಸಿ ಕಳೆದು 300ರಿಂದ 900ರ ಒಳಗೆ ಒಂದು ಅಂಕಿ ಕೊಡುತ್ತಾರೆ. 750ರ ಮೇಲಿದ್ದರೆ ಬ್ಯಾಂಕಿನವರಿಗೆ ಖುಷಿ. 600ರ ಆಸುಪಾಸು ಇದ್ದರೆ ಹುಬ್ಬು ಗಂಟಾಗುತ್ತದೆ. ಸಾಲವನ್ನೇ ತೆಗೆಯದವರಿಗೆ ಅಂಕಿಯೇ ಇಲ್ಲ, ‘ಇತಿಹಾಸ ಇಲ್ಲ’ ಅಂತ ಬರುತ್ತದೆ.

ಇಲ್ಲಿ ಒಂದು ಮಾತು ಗಮನಿಸಿ. ಮನೆ ಮಾಲೀಕರಾದ ನೀವು ಬೇರೆಯವರ ವರದಿಯನ್ನು ನೇರವಾಗಿ ತೆಗೆಸಲು ಆಗುವುದಿಲ್ಲ. ಅದು ಬ್ಯಾಂಕು, ಹಣಕಾಸು ಸಂಸ್ಥೆಗಳಂಥವರಿಗೆ ಮಾತ್ರ ಇರುವ ಹಕ್ಕು. ‘ಪ್ಯಾನ್ ನಂಬರ್ ಕೊಡ್ರಿ, ನಾನೇ ತೆಗೆಸಿಕೊಡ್ತೀನಿ’ ಅನ್ನೋ ಏಜೆಂಟರು ಸಿಕ್ಕರೆ ದೂರ ಇರಿ. ಬಾಡಿಗೆಗೆ ಬರುವವರು ತಾವಾಗಿ ತಮ್ಮ ವರದಿ ತೆಗೆದು ತೋರಿಸಿದರೆ ನೋಡಬಹುದು, ಅಷ್ಟೇ. ಈ ನಾಲ್ಕು ಕಂಪನಿಗಳಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯುವ ಅವಕಾಶ ಎಲ್ಲರಿಗೂ ಇದೆ. ತಮ್ಮ ವರದಿ ತಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದೂ ಇಲ್ಲ.

ಬಾಡಿಗೆಯ ಲೆಕ್ಕ ಅದರಲ್ಲಿಲ್ಲ!

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಅಂಕಿ ಹೇಳುವುದು ಬ್ಯಾಂಕಿನ ಸಾಲದ ಕಥೆ. ಒಬ್ಬರು ಹತ್ತು ವರ್ಷ ಒಂದು ತಿಂಗಳೂ ತಪ್ಪದೆ ಬಾಡಿಗೆ ಕೊಟ್ಟಿದ್ದರೂ ಸಾಮಾನ್ಯವಾಗಿ ಅದು ಆ ವರದಿಯಲ್ಲಿ ಕಾಣುವುದಿಲ್ಲ. ಕೈಯಲ್ಲಿ ಎಷ್ಟು ಉಳಿತಾಯ ಇದೆ, ಎಫ್‌ಡಿ ಇದೆಯಾ, ಊರಲ್ಲಿ ಎಷ್ಟು ಎಕರೆ ಜಮೀನಿದೆ, ಯಾವುದೂ ಸ್ಕೋರಿಗೆ ಸೇರುವುದಿಲ್ಲ. ನಮ್ಮ ಭಾಗದ ಹೆಣ್ಣುಮಕ್ಕಳು ತಿಂಗಳು ತಿಂಗಳು ಹಾಕುವ ಭಿಶಿ, ಕಿರಾಣಿ ಅಂಗಡಿಯ ಉದ್ರಿ, ನೆಂಟರ ಕೈಗಡ, ಇವೆಲ್ಲ ಲೆಕ್ಕಕ್ಕೇ ಇಲ್ಲ.

ನಮ್ಮ ಭಾಷೆಯಲ್ಲಿ ಇದಕ್ಕೆ ‘ಪತ್ತು’ ಅನ್ನೋ ಚೆಂದದ ಮಾತಿದೆ. ‘ಪತ್ತಿನ ಸಹಕಾರಿ ಸಂಘ’ ಅಂತ ಬೋರ್ಡು ಓದಿರುತ್ತೀರಲ್ಲ, ಅದೇ ಪತ್ತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಕಟ್ಟಿದಾಗ ಯಾರ ಹತ್ತಿರವೂ ಸ್ಕೋರ್ ಇರಲಿಲ್ಲ. ಒಬ್ಬರನ್ನೊಬ್ಬರು ಬಲ್ಲ ಊರಿನವರು ಅವರು. ಯಾರು ಮಾತಿಗೆ ನಿಲ್ಲುತ್ತಾರೆ, ಯಾರ ಮನೆಯಲ್ಲಿ ಈ ವರ್ಷ ಕಷ್ಟ ಇದೆ ಅನ್ನೋದು ಊರಿಗೇ ಗೊತ್ತಿತ್ತು. ಅವರ ಪತ್ತು ಅಂದರೆ ಅದೇ. ಪಟ್ಟಣದಲ್ಲಿ ಬಂದವರ ಪರಿಚಯ ನಮಗಿಲ್ಲ, ನಿಜ. ಪರಿಚಯ ಇಲ್ಲದ ಕಡೆ ನಾಲ್ಕು ಮಾತು ವಿಚಾರಿಸಬೇಕು. ಅಂಕಿಯೊಂದನ್ನು ಕೇಳಿ ಸುಮ್ಮನಾದರೆ ವಿಚಾರಿಸಿದಂತೆ ಆಗಲಿಲ್ಲ.

ಮೂವರು ಬಂದರು ಅಂತಿಟ್ಟುಕೊಳ್ಳಿ

ನಿಮ್ಮ ಮೇಲಿನ ಮನೆಗೆ ತಿಂಗಳ ಬಾಡಿಗೆ 9,000 ರೂಪಾಯಿ. ಒಂದೇ ವಾರದಲ್ಲಿ ಮೂವರು ಬಂದರು.

ಮೊದಲನೆಯವನು ಖಾಸಗಿ ಕಂಪನಿಯ ಹುಡುಗ. ಸಂಬಳ 48,000. ಸ್ಕೋರ್ 780! ಆದರೆ ಕಾರು, ಬೈಕು, ಮೊಬೈಲು, ಕಾರ್ಡು ಅಂತ ತಿಂಗಳಿಗೆ 31,000 ಕಂತು ಹೋಗುತ್ತದೆ. ಉಳಿಯುವುದು 17,000. ನಿಮ್ಮ ಬಾಡಿಗೆ ಕೊಟ್ಟ ಮೇಲೆ 8,000ದಲ್ಲಿ ಗಂಡ-ಹೆಂಡತಿ ತಿಂಗಳು ಕಳೆಯಬೇಕು. ಒಂದು ಆಸ್ಪತ್ರೆ ಖರ್ಚು ಬಂದರೆ ಯಾವುದನ್ನು ನಿಲ್ಲಿಸುತ್ತಾನೆ? ಕಂತು ತಪ್ಪಿದರೆ ಸ್ಕೋರ್ ಬೀಳುತ್ತದೆ, ಬ್ಯಾಂಕಿನಿಂದ ಫೋನು ಬರುತ್ತದೆ. ಬಾಡಿಗೆ ತಪ್ಪಿದರೆ ಸ್ಕೋರಿಗೆ ಏನೂ ಆಗುವುದಿಲ್ಲ. ‘ಆಂಟಿ, ಮುಂದಿನ ತಿಂಗಳು ಸೇರಿಸಿ ಕೊಡ್ತೀನಿ’ ಅಂದರೆ ಸಾಕು. ಅಂದರೆ 780 ಅನ್ನೋ ಸ್ಕೋರನ್ನು ಕಾಪಾಡಲಿಕ್ಕೇ ನಿಮ್ಮ ಬಾಡಿಗೆ ಹಿಂದೆ ಬೀಳಬಹುದು!

ಎರಡನೆಯವರು ಉದ್ಯಮಬಾಗದ ಫೌಂಡ್ರಿಯಲ್ಲಿ ಹದಿನೈದು ವರ್ಷದಿಂದ ಕೆಲಸದಲ್ಲಿರುವವರು. ಸಂಬಳ 28,000. ಸ್ಕೋರ್ 610. ಕೇಳಿದರೆ ಭಾವಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರಂತೆ. ಅವನು ಕಟ್ಟಲಿಲ್ಲ, ಕಲೆ ಇವರ ಹೆಸರಿಗೂ ಬಿತ್ತು. ಜಾಮೀನುದಾರರ ವರದಿಯಲ್ಲೂ ಆ ಸಾಲ ಕಾಣುತ್ತದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇವರ ಸ್ವಂತ ಕಂತು 3,000 ಮಾತ್ರ. ಬಾಡಿಗೆ ಕೊಟ್ಟ ಮೇಲೂ ಕೈಯಲ್ಲಿ 16,000 ಉಳಿಯುತ್ತದೆ. ಹಿಂದಿನ ಮನೆಯಲ್ಲಿ ಆರು ವರ್ಷ ಇದ್ದರು, ಮಾಲೀಕರು ಮಗನ ಮದುವೆಗೆ ಮನೆ ಬೇಕು ಅಂದಿದ್ದಕ್ಕೆ ಬಿಡುತ್ತಿದ್ದಾರೆ.

ಮೂರನೆಯವರು ಹಲಸಿಯ ತಾಯಿ. ಮಗಳಿಗೆ ಬೆಳಗಾವಿಯಲ್ಲಿ ಪಿಯುಸಿಗೆ ಸೀಟು ಸಿಕ್ಕಿದೆ, ಮಗ ಎಂಟನೆಯ ತರಗತಿ. ಗಂಡ ಊರಲ್ಲಿ ಭತ್ತ, ಕಬ್ಬು ನೋಡಿಕೊಂಡು ಇರುತ್ತಾರೆ. ಆಕೆಗೆ ಸ್ಕೋರೇ ಇಲ್ಲ! ಜಮೀನು, ಬೆಳೆಸಾಲ ಎಲ್ಲ ಗಂಡನ ಹೆಸರಿಗೆ. ಸಂಬಳದ ಚೀಟಿ ಅಂತೂ ದೂರದ ಮಾತು. ಕಬ್ಬಿನ ಬಿಲ್ಲು, ಭತ್ತದ ದುಡ್ಡು ಬಂದಾಗ ಒಟ್ಟಿಗೆ ಬರುತ್ತದೆ, ನಡುವಿನ ತಿಂಗಳು ಬಿಗಿ. ಆದರೆ ಆಕೆಯ ಚೀಲದಲ್ಲಿ ಸ್ವಸಹಾಯ ಸಂಘದ ಪಾಸ್‌ಬುಕ್ಕಿದೆ. ಹನ್ನೊಂದು ವರ್ಷದ ಉಳಿತಾಯ, ಮೂರು ಸಲ ಸಂಘದಿಂದ ತೆಗೆದ ಸಾಲ, ಮೂರೂ ಸಲ ಚುಕ್ತಾ.

ಸ್ಕೋರ್ ನೋಡಿ ಕೊಟ್ಟರೆ ಮನೆ ಮೊದಲನೆಯವನಿಗೆ. ಎರಡನೆಯವರು ನಪಾಸು, ಮೂರನೆಯವರು ಪರೀಕ್ಷೆಗೆ ಕೂತೇ ಇಲ್ಲ. ಆದರೆ ಈ ಮೂವರಲ್ಲಿ ಯಾರ ಬಾಡಿಗೆ ಮೇಲೆ ನಿಮಗೆ ಹೆಚ್ಚು ಭರವಸೆ? ನನ್ನನ್ನು ಕೇಳಿದರೆ ಎರಡನೆಯವರು, ಮೂರನೆಯವರು ಇಬ್ಬರೂ ಮೊದಲನೆಯವನಿಗಿಂತ ಮೇಲು. ಹಾಗಂತ 780 ಇರುವವರೆಲ್ಲ ಕೆಟ್ಟವರು ಅಂತಲ್ಲ. ಕಂತು ಕಡಿಮೆ ಇದ್ದು 780 ಇದ್ದರೆ ಬಹಳ ಒಳ್ಳೆಯದೇ. ಅಂಕಿಯ ಹಿಂದೆ ಏನಿದೆ ಅಂತ ನೋಡಿ ಅನ್ನೋದಷ್ಟೇ ನನ್ನ ಮಾತು.

ಹೆಣ್ಣಿನ ಹೆಸರಿನ ಸಾಲ

ಸ್ಕೋರ್ ಇಲ್ಲದಿರುವುದು ತಪ್ಪಲ್ಲ ಅಂತ ಸರ್ಕಾರವೇ ಹೇಳಿದೆ. ಮೊದಲ ಸಲ ಸಾಲ ಕೇಳುವವರಿಗೆ ಇತಿಹಾಸ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಸಾಲ ನಿರಾಕರಿಸಬಾರದು ಅನ್ನೋ ರಿಸರ್ವ್ ಬ್ಯಾಂಕಿನ ಮಾತನ್ನು 2025ರಲ್ಲಿ ಹಣಕಾಸು ಸಚಿವಾಲಯ ಸಂಸತ್ತಿನಲ್ಲಿ ಮತ್ತೆ ತಿಳಿಸಿತು. ಲಕ್ಷಗಟ್ಟಲೆ ಸಾಲ ಕೊಡುವ ಬ್ಯಾಂಕಿಗೇ ಈ ಮಾತು ಅಂದಮೇಲೆ, ಡಿಪಾಸಿಟ್ ಇಟ್ಟುಕೊಂಡು ಮನೆ ಕೊಡುವ ನಾವು ಅದಕ್ಕಿಂತ ಬಿಗಿಯಾಗಬೇಕೇ?

ಸ್ಕೋರ್ ಇಲ್ಲದ ಹೆಣ್ಣಿನದು ಒಂದು ಕಥೆ. ಸ್ಕೋರ್ ಕೆಟ್ಟ ಹೆಣ್ಣಿನದು ಇನ್ನೊಂದು. ಮೈಕ್ರೋಫೈನಾನ್ಸ್ ಸಾಲ ಹೆಚ್ಚಾಗಿ ಕೊಡುವುದೇ ಹೆಂಗಸರ ಹೆಸರಿಗೆ. ಸಹಿ ಆಕೆಯದು, ದುಡ್ಡು ಹೋಗುವುದು ಗಂಡನ ಆಟೋಕ್ಕೆ, ನಾದಿನಿಯ ಮದುವೆಗೆ, ಮಾವನ ಆಪರೇಷನ್ನಿಗೆ. ಕಂತು ತಪ್ಪಿದರೆ ಕಲೆ ಮಾತ್ರ ಆಕೆಯ ಹೆಸರಿಗೇ. ಹೀಗೆ ವಸೂಲಿಯ ಹೆಸರಲ್ಲಿ ಬೆಳಗಾವಿಯೂ ಸೇರಿ ಹಲವು ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳು ಪಟ್ಟ ಪಾಡು 2025ರ ಆರಂಭದಲ್ಲಿ ದಿನವೂ ಪೇಪರಿನಲ್ಲಿ ಬಂತು. ಆ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಬಲವಂತಕ್ಕೆ ತಡೆ ಹಾಕುವ ಸುಗ್ರೀವಾಜ್ಞೆ ತಂದಿತು, ಮುಂದೆ ಅದು ಕಾಯ್ದೆಯೂ ಆಯಿತು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ.

ಈಗ ಅಂಥ ಒಬ್ಬ ಹೆಣ್ಣುಮಗಳು, ಗಂಡನಿಂದ ಬೇರೆಯಾಗಿ, ಎರಡು ಮಕ್ಕಳನ್ನು ಕಟ್ಟಿಕೊಂಡು, ನೌಕರಿ ಹಿಡಿದು ನಿಮ್ಮ ಗೇಟಿಗೆ ಬರುತ್ತಾಳೆ. ‘ಸ್ಕೋರ್ 580. ಬ್ಯಾಡವಾ, ಬೇರೆ ಕಡೆ ನೋಡು’ ಅಂದರೆ, ಯಾರದೋ ಸಾಲಕ್ಕೆ ಆಕೆಗೆ ಎರಡನೆಯ ಸಲ ಶಿಕ್ಷೆ ಕೊಟ್ಟಂತೆ. ಆ ಸಾಲ ಯಾಕೆ ತೆಗೆದದ್ದು, ಈಗ ಕಂತು ಎಷ್ಟು ಹೋಗುತ್ತದೆ, ಕೈಗೆ ಎಷ್ಟು ಉಳಿಯುತ್ತದೆ ಅಂತ ಕೇಳಲು ಐದು ನಿಮಿಷ ಸಾಕು. ಹೆಣ್ಣಾಗಿ ನಾವು ಕೇಳದಿದ್ದರೆ ಇನ್ಯಾರು ಕೇಳಬೇಕು?

ಅಮೆರಿಕದಲ್ಲಿ ಏನಾಯಿತು?

ಸ್ಕೋರ್ ನೋಡಿ ಮನೆ ಕೊಡುವುದು ಅಮೆರಿಕದಲ್ಲಿ ಹಳೆಯ ಪದ್ಧತಿ. ಅಲ್ಲಿ ಮಾಲೀಕರು ಒಪ್ಪಿಗೆ ಪಡೆದು ವರದಿ ತೆಗೆಸುತ್ತಾರೆ. ಆದರೆ 1970ರಿಂದಲೇ ಅದಕ್ಕೆ ಕಾನೂನಿದೆ. ವರದಿಯ ಕಾರಣಕ್ಕೆ ಮನೆ ಕೊಡದಿದ್ದರೆ ‘ಇದೇ ಕಾರಣ, ಇಂಥ ಕಂಪನಿಯ ವರದಿ’ ಅಂತ ತಿಳಿಸಲೇಬೇಕು. ತಪ್ಪಿದ್ದರೆ ತಿದ್ದಿಸಿಕೊಳ್ಳುವ ಹಕ್ಕು ಬಾಡಿಗೆದಾರರಿಗಿದೆ.

ಅಷ್ಟಿದ್ದೂ ಎಡವಟ್ಟಾಗಿದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವರ್ಷಾನುಗಟ್ಟಲೆ ಸರಿಯಾಗಿ ಬಾಡಿಗೆ ಕಟ್ಟಿದ ಹೆಣ್ಣುಮಗಳೊಬ್ಬಳಿಗೆ ಕಂಪ್ಯೂಟರ್ ಕೊಟ್ಟ ಅಂಕಿಯ ಕಾರಣಕ್ಕೆ ಮನೆ ಸಿಗಲಿಲ್ಲ. ಹಳೆಯ ಮಾಲೀಕರ ಮಾತು ತೋರಿಸಿದರೂ ಕೇಳಲಿಲ್ಲ. ಆಕೆಯಂಥವರು ಸೇರಿ ಸೇಫ್‌ರೆಂಟ್ ಎಂಬ ಆ ಅಂಕಿ ಕೊಡುವ ಕಂಪನಿಯ ಮೇಲೆ ಕೋರ್ಟಿಗೆ ಹೋದರು. ಸರ್ಕಾರದ ಬಾಡಿಗೆ ನೆರವು ಪಡೆಯುವ ಕರಿಯ ಮತ್ತು ಹಿಸ್ಪಾನಿಕ್ ಜನರಿಗೆ ಈ ಅಂಕಿಯಿಂದ ಅನ್ಯಾಯ ಆಗುತ್ತಿದೆ ಅನ್ನೋದು ಅವರ ವಾದ. ಕಂಪನಿ ತಪ್ಪು ಒಪ್ಪಲಿಲ್ಲ. ಆದರೆ 2024ರ ನವೆಂಬರಿನಲ್ಲಿ ಕೋರ್ಟು ಒಪ್ಪಿದ ರಾಜಿಯಂತೆ 22 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಡಲು ಒಪ್ಪಿತು. ಅಂಥ ನೆರವು ಪಡೆಯುವವರಿಗೆ ಐದು ವರ್ಷ ಆ ಅಂಕಿ ಬಳಸುವುದಿಲ್ಲ ಅಂತಲೂ ಒಪ್ಪಿಕೊಂಡಿತು.

ಅಲ್ಲಿ ಎಡವಟ್ಟಾದದ್ದನ್ನು ನಾವು ಹೊಸ ಫ್ಯಾಷನ್ ಅಂತ ತಲೆ ಮೇಲೆ ಹೊತ್ತುಕೊಳ್ಳುವುದು ಬೇಡ. ಇನ್ನೊಂದು ಭಯವೂ ನನಗಿದೆ. ಜಾತಿ, ಧರ್ಮ, ಭಾಷೆ ನೋಡಿ ‘ಇಲ್ಲ’ ಅನ್ನುವವರಿಗೆ ಈ ಸ್ಕೋರ್ ಒಂದು ಮರ್ಯಾದಸ್ಥ ನೆಪವಾಗಬಾರದು. ಕನ್ನಡ, ಮರಾಠಿ, ಕೊಂಕಣಿ, ಉರ್ದು ಒಂದೇ ಓಣಿಯಲ್ಲಿ ಕೇಳುವ ಊರು ನಮ್ಮದು. ಒಬ್ಬರಿಗೆ ಸ್ಕೋರ್ ಕೇಳಿ, ಇನ್ನೊಬ್ಬರಿಗೆ ಕೇಳದೇ ಕೊಟ್ಟರೆ ಅದು ವಿಚಾರಣೆಯಲ್ಲ, ಪಕ್ಷಪಾತ.

ಹಾಗಾದರೆ ಏನು ಕೇಳಬೇಕು?

ಬಂದವರೆಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮದಲ್ಲಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಸಂಜೆ ಮನೆಯವರ ಜೊತೆ ಕೂತು ಹೋಲಿಸಿ ನೋಡಲು ಸುಲಭ.

1. ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ, ಅದರಲ್ಲಿ ಕಂತು ಎಷ್ಟು ಹೋಗುತ್ತದೆ? ಕಂತು ಕಳೆದು ಉಳಿದದ್ದು ನಿಮ್ಮ ಬಾಡಿಗೆಯ ಎರಡು-ಎರಡೂವರೆ ಪಟ್ಟಾದರೂ ಇದ್ದರೆ ನಿಶ್ಚಿಂತೆ. ಮೂರು ತಿಂಗಳ ಬ್ಯಾಂಕ್ ಪಾಸ್‌ಬುಕ್ ನೋಡಿದರೆ ಸ್ಕೋರಿಗಿಂತ ಹೆಚ್ಚು ತಿಳಿಯುತ್ತದೆ.

2. ಹಿಂದಿನ ಮನೆ ಯಾವುದು, ಎಷ್ಟು ವರ್ಷ ಇದ್ದಿರಿ, ಯಾಕೆ ಬಿಟ್ಟಿರಿ? ಆ ಮಾಲೀಕರ ಫೋನ್ ನಂಬರ್ ಪಡೆದು ಮಾತಾಡಿ. ಸಾಧ್ಯವಾದರೆ ಅದಕ್ಕೂ ಹಿಂದಿನ ಮಾಲೀಕರಿಗೂ ಒಂದು ಫೋನ್ ಮಾಡಿ. ಈಗಿನ ಮಾಲೀಕರು ಬಾಡಿಗೆದಾರರನ್ನು ಸಾಗಹಾಕಲು ‘ಬಂಗಾರದಂಥ ಮಂದಿ’ ಅಂತ ಹೇಳಿಬಿಡುವುದೂ ಉಂಟು!

3. ಕಟ್ಟದೆ ಉಳಿದ ಸಾಲ ಇದೆಯಾ? ಇದ್ದರೆ ಯಾಕೆ? ಕಾಯಿಲೆ, ಜಾಮೀನು, ನೌಕರಿ ಹೋದದ್ದು, ಕೋವಿಡ್ ಕಾಲದ ಪೆಟ್ಟು, ಇವಕ್ಕೂ ಸಾಲದ ಮೇಲೆ ಸಾಲ ಮಾಡಿ ಮೋಜು ಮಾಡಿದ್ದಕ್ಕೂ ವ್ಯತ್ಯಾಸ ಇದೆ. ಹಳೆಯ ಪೆಟ್ಟೋ, ಈಗಲೂ ನಡೆದಿರುವುದೋ ಅನ್ನೋದೂ ಮುಖ್ಯ. ವರದಿಯಲ್ಲಿ 36 ತಿಂಗಳ ಕಂತಿನ ವಿವರ ಇರುತ್ತದೆ. ಹಳೆಯ ತಿಂಗಳಲ್ಲಿ ತಡವಾಗಿ, ಇತ್ತೀಚೆಗೆ ಸರಿ ಇದ್ದರೆ ಅವರು ಚೇತರಿಸಿಕೊಂಡಿದ್ದಾರೆ ಅಂತಲೇ ಅರ್ಥ.

4. ಸ್ಕೋರ್ ಇಲ್ಲದವರಿಗೆ: ಬೇರೆ ಏನು ದಾಖಲೆ ಇದೆ? ಸಂಘದ ಪಾಸ್‌ಬುಕ್, ಹಾಲಿನ ಡೇರಿಯ ಲೆಕ್ಕ, ಕರೆಂಟ್ ಬಿಲ್ಲು ಕಟ್ಟಿದ ರಸೀದಿ, ಹಿಂದಿನ ಬಾಡಿಗೆ ರಸೀದಿ. ಇವೆಲ್ಲ ಪತ್ತಿನ ಸಾಕ್ಷಿಗಳೇ.

5. ಮನೆಯಲ್ಲಿ ಎಷ್ಟು ಜನ ಇರುತ್ತೀರಿ? ದುಡಿಯುವವರು ಯಾರು? ಒಬ್ಬರ ದುಡಿಮೆ ನಿಂತರೆ ಇನ್ನೊಬ್ಬರು ಇದ್ದಾರಾ?

ಯಾರಾದರೂ ತಾವಾಗಿ ಕ್ರೆಡಿಟ್ ವರದಿ ತೋರಿಸಿದರೆ ಅವರ ಮೊಬೈಲಿನಲ್ಲೇ ನೋಡಿ ವಾಪಸು ಕೊಡಿ. ಅದರಲ್ಲಿ ಪ್ಯಾನ್ ನಂಬರ್, ವಿಳಾಸ, ಸಾಲದ ವಿವರ ಎಲ್ಲಾ ಇರುತ್ತದೆ. ಫೋಟೊ ತೆಗೆದು ವಾಟ್ಸಾಪಿನಲ್ಲಿ ಮಗನಿಗೆ, ಅಳಿಯನಿಗೆ ಕಳಿಸುವುದು ಖಂಡಿತ ಬೇಡ. ಆಧಾರ್ ಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೇಳಿ. ನಮ್ಮ ಮನೆ ಹೆಣ್ಣುಮಕ್ಕಳ ಕಾಗದಪತ್ರ ಬೇರೆಯವರ ಫೋನಿನಲ್ಲಿ ಓಡಾಡಿದರೆ ಸುಮ್ಮನಿರುತ್ತೇವಾ?

ಒಂದೇ ಮನೆ, ಬೇರೆ ಬೇರೆ ಸ್ಕೋರ್

ಗಂಡನಿಗೆ 600, ಹೆಂಡತಿಗೆ 770. ಅಥವಾ ಮೂವರು ಹುಡುಗಿಯರು ಸೇರಿ ಮನೆ ಕೇಳುತ್ತಾರೆ. ಒಬ್ಬಳಿಗೆ ಒಳ್ಳೆಯ ಸ್ಕೋರ್, ಒಬ್ಬಳಿಗೆ ಸ್ಕೋರೇ ಇಲ್ಲ, ಒಬ್ಬಳ ಶಿಕ್ಷಣ ಸಾಲದ ಕಂತು ಬಾಕಿ. ಏನು ಮಾಡೋದು? ಕಡಿಮೆ ಸ್ಕೋರ್ ನೋಡಿ ಎಲ್ಲರನ್ನೂ ಕಳಿಸಿಬಿಡುವುದು ಸರಿಯಲ್ಲ. ಹೆಚ್ಚಿನ ಸ್ಕೋರ್ ಇದ್ದವರ ಹೆಸರಲ್ಲಿ ಮಾತ್ರ ಕರಾರು ಮಾಡಿ ಸುಮ್ಮನಾಗುವುದೂ ಸರಿಯಲ್ಲ.

ನೀವು ನೋಡಬೇಕಾದದ್ದು ಮನೆಯ ಒಟ್ಟು ಆದಾಯ, ಒಟ್ಟು ಕಂತು. ದುಡಿಯುವ ಎಲ್ಲರ ಹೆಸರನ್ನೂ ಕರಾರಿನಲ್ಲಿ ಸೇರಿಸಿ, ‘ಬಾಡಿಗೆಗೆ ಎಲ್ಲರೂ ಒಟ್ಟಾಗಿಯೂ, ಪ್ರತ್ಯೇಕವಾಗಿಯೂ ಹೊಣೆ’ ಅಂತ ಬರೆಸಿ. ಆಗ ಒಬ್ಬರು ಬಿಟ್ಟುಹೋದರೂ ಉಳಿದವರು ಪೂರ್ತಿ ಬಾಡಿಗೆಗೆ ಬಾಧ್ಯರು. ಹೆಂಡತಿ ದುಡಿಯುತ್ತಿದ್ದರೆ ಆಕೆಯ ಹೆಸರೂ ಇರಲಿ. ನಾಳೆ ಏನಾದರೂ ಆದರೆ ಮನೆಯ ಮೇಲೆ ಆಕೆಗೂ ಒಂದು ಹಕ್ಕು ಇದ್ದಂತಾಗುತ್ತದೆ.

‘ಇಲ್ಲ’ ಅನ್ನುವ ಮೊದಲು

ಅನುಮಾನ ಪೂರ್ತಿ ಹೋಗದಿದ್ದರೆ ಬಾಗಿಲು ಹಾಕುವುದೊಂದೇ ದಾರಿಯಲ್ಲ. ಡಿಪಾಸಿಟ್ ಒಂದು ತಿಂಗಳದ್ದು ಹೆಚ್ಚು ಕೇಳಬಹುದು. ಆದರೆ ವಿಪರೀತ ಬೇಡ. ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಬೇಡ ಅಂತಿದೆ. ಅದು ಮಾದರಿ ಮಾತ್ರ, ರಾಜ್ಯಗಳು ತಾವಾಗಿ ಕಾನೂನು ಮಾಡಿಕೊಂಡರಷ್ಟೇ ಜಾರಿ. ಆದರೂ ನ್ಯಾಯ ಯಾವುದು ಅನ್ನಲಿಕ್ಕೆ ಅದೊಂದು ಅಳತೆಗೋಲು. ಐದಾರು ತಿಂಗಳ ಡಿಪಾಸಿಟ್ ಕೇಳಿದರೆ ಬಡವರು ಅದಕ್ಕೂ ಬಡ್ಡಿ ಸಾಲ ತೆಗೆಯುತ್ತಾರೆ. ಆಮೇಲೆ ಆ ಬಡ್ಡಿಯ ಹೊರೆಯಲ್ಲಿ ಸಿಕ್ಕಿಬೀಳುವುದು ನಿಮ್ಮ ಬಾಡಿಗೆಯೇ.

ಸಂಬಳದವರಾದರೆ ಸಂಬಳದ ಮಾರನೆಯ ದಿನವನ್ನೇ ಬಾಡಿಗೆಯ ದಿನ ಮಾಡಿ. ಬ್ಯಾಂಕಿಗೆ ಹೇಳಿ ಪ್ರತಿ ತಿಂಗಳು ತಾನಾಗಿ ನಿಮ್ಮ ಖಾತೆಗೆ ಹೋಗುವಂತೆ ಮಾಡಿಸಬಹುದು. ಹಲಸಿಯ ತಾಯಿಯಂಥ ರೈತ ಮನೆಯವರಾದರೆ ಕಬ್ಬಿನ ಬಿಲ್ಲು, ಭತ್ತದ ದುಡ್ಡು ಬಂದಾಗ ನಾಲ್ಕು-ಆರು ತಿಂಗಳದ್ದು ಮುಂಗಡ ಪಡೆದು ರಸೀದಿ ಕೊಡಿ. ನಮ್ಮ ಹಳ್ಳಿಯ ಬದುಕು ಸುಗ್ಗಿಯ ಲೆಕ್ಕದಲ್ಲಿ ನಡೆಯುವುದು, ಒಂದನೇ ತಾರೀಖಿನ ಲೆಕ್ಕದಲ್ಲಲ್ಲ. ನಿಮ್ಮ ಗುರುತಿನ, ಊರಲ್ಲಿ ನೆಲೆಯಾದ ಒಬ್ಬರ ಜಾಮೀನನ್ನೂ ಕೇಳಬಹುದು.

ಕೊನೆಗೂ ಬೇಡ ಅನಿಸಿದರೆ ‘ಈ ಬಾಡಿಗೆ ನಿಮಗೆ ಹೊರೆ ಆಗಬಹುದು ಅನಿಸ್ತದ್ರೀ’ ಅಂತ ನಿಜ ಕಾರಣ ಹೇಳಿ. ‘ಮನೆ ಕೊಟ್ಟಾಯ್ತು’ ಅಂತ ಸುಳ್ಳು ಹೇಳಿ, ಗೇಟಿನ ಬೋರ್ಡು ಹಾಗೇ ಬಿಟ್ಟರೆ ಅವರ ಮನಸ್ಸಿಗೆ ಏನನಿಸಬೇಡ?

ಎಲ್ಲವೂ ಕಾಗದದ ಮೇಲಿರಲಿ

ಹಲಸಿಗೆ ಹೋದವರಿಗೆ ಭೂವರಾಹ ನರಸಿಂಹ ದೇವಸ್ಥಾನ ಗೊತ್ತು. ಕದಂಬರ ಕಾಲದಲ್ಲಿ ಪಲಾಶಿಕಾ ಅನಿಸಿಕೊಂಡಿದ್ದ ಈ ಊರಿನಲ್ಲಿ ಆ ರಾಜರ ತಾಮ್ರಶಾಸನಗಳು ಸಿಕ್ಕಿವೆ. ರಾಜರೇ ಆದರೂ ಒಂದು ಹೊಲ ದಾನ ಕೊಟ್ಟರೆ ತಾಮ್ರದ ಮೇಲೆ ಬರೆಸಿ ಕೊಡುತ್ತಿದ್ದರು. ನಾವು ‘ನಮ್ಮವರೇ ಅಲ್ಲೇನ್ರೀ’ ಅಂತ ಬಾಯಿಮಾತಿನ ಮೇಲೆ ಮನೆ ಕೊಡುತ್ತೇವೆ!

ಸ್ಕೋರ್ 800 ಇದ್ದವರಿಗೂ, ಸ್ಕೋರೇ ಇಲ್ಲದವರಿಗೂ ಒಂದೇ ತರಹದ ಕರಾರು ಮಾಡಿಸಿ. ಬಾಡಿಗೆ, ಡಿಪಾಸಿಟ್, ನೀರು-ಕರೆಂಟಿನ ಬಿಲ್ಲು ಯಾರದು, ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು, ಎಲ್ಲಾ ಬರೆಸಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಆದರೆ ನೋಂದಣಿ ಕಡ್ಡಾಯ. ಅದಕ್ಕೇ ಎಲ್ಲರೂ 11 ತಿಂಗಳ ಕರಾರು ಮಾಡುವುದು. ಬಾಡಿಗೆದಾರರ ವಿವರವನ್ನು ಹತ್ತಿರದ ಪೊಲೀಸ್ ಠಾಣೆಗೂ ಕೊಟ್ಟಿರಿ.

ಬಾಡಿಗೆ ಕೈಸೇರಿದ ಕೂಡಲೇ ರಸೀದಿ ಕೊಡುವುದನ್ನು ಮಾತ್ರ ಮರೆಯಬೇಡಿ. ನಿಮ್ಮ ಆ ಚೀಟಿಯೇ ಮುಂದೆ ಆ ಹೆಣ್ಣುಮಗಳಿಗೆ ಪತ್ತಿನ ಪುರಾವೆ. ಮತ್ತೆ, ಬಾಡಿಗೆ ತಡವಾಯಿತು ಅಂತ ನೀರು, ಕರೆಂಟು ಕಡಿಯುವುದು, ಸಾಮಾನು ಹೊರಗಿಡುವುದು ಕಾನೂನಿಗೂ ಒಪ್ಪದು, ಮನುಷ್ಯತ್ವಕ್ಕೂ ಒಪ್ಪದು. ನೋಟಿಸು ಕೊಟ್ಟು ಕ್ರಮವಾಗಿ ಬಿಡಿಸಬೇಕು.

ನಮ್ಮ ಸ್ಕೋರ್ ಎಷ್ಟು?

ಕೊನೆಗೆ ಒಂದು ಪ್ರಶ್ನೆ, ಮನೆ ಕೊಡುವ ನಮಗೇ. ಮನೆ ಯಜಮಾನರ ಹೆಸರಿಗೆ, ಸಾಲ ಅವರ ಹೆಸರಿಗೆ, ಕರೆಂಟ್ ಮೀಟರೂ ಅವರ ಹೆಸರಿಗೆ. ನಾಳೆ ಯಾವುದೋ ಕಾರಣಕ್ಕೆ ನಾವೇ ಒಂಟಿಯಾಗಿ ಬಾಡಿಗೆ ಮನೆ ಕೇಳಿಕೊಂಡು ಹೋಗಬೇಕಾಗಿ ಬಂದರೆ? ಇಪ್ಪತ್ತು ವರ್ಷ ಸಂಸಾರ ತೂಗಿಸಿದ ನಮ್ಮ ಹೆಸರಿನ ಮುಂದೆ ಬರುವುದು ‘ಇತಿಹಾಸ ಇಲ್ಲ’ ಅಂತಲೇ!

ಹಾಗಾಗಿ ಈ ತಿಂಗಳೇ ಒಂದು ಕೆಲಸ ಮಾಡಿ. ನಿಮ್ಮ ಪ್ಯಾನ್ ಕಾರ್ಡ್ ಹುಡುಕಿ ತೆಗೆಯಿರಿ. ನಿಮ್ಮ ಹೆಸರಿನ ಉಚಿತ ವರದಿಯನ್ನು ತೆಗೆಸಿ ನೋಡಿ. ನಿಮಗೆ ಗೊತ್ತಿಲ್ಲದ ಸಾಲ ನಿಮ್ಮ ಹೆಸರಲ್ಲಿದೆಯಾ? ಯಾರಿಗಾದರೂ ಹಾಕಿದ ಜಾಮೀನು ಇನ್ನೂ ನಡೆದಿದೆಯಾ? ತೀರಿದ ಸಾಲ ಬಾಕಿ ಅಂತ ತೋರಿಸುತ್ತಿದೆಯಾ? ತಪ್ಪಿದ್ದರೆ ಆ ಕಂಪನಿಗೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ 2024ರಿಂದ ಜಾರಿಯಲ್ಲಿದೆ. ಮನೆ ಬಾಡಿಗೆ ನಿಮ್ಮ ಖಾತೆಗೇ ಬರಲಿ, ಕರಾರಿನಲ್ಲಿ ನಿಮ್ಮ ಹೆಸರೂ ಇರಲಿ.

ನಮ್ಮ ಬೆಲೆ ಮೂರಂಕಿಯಲ್ಲಿ ಮುಗಿಯುವುದಿಲ್ಲ ಅಂತ ನಮಗೆ ಗೊತ್ತು. ಗೇಟಿನಾಚೆ ನಿಂತವರದ್ದೂ ಹಾಗೆಯೇ. ಒಳಗೆ ಕರೆದು, ನೀರು ಕೊಟ್ಟು, ನೋಟ್‌ಬುಕ್ ತೆಗೆದು ಐದು ಪ್ರಶ್ನೆ ಕೇಳಿ. ಆಮೇಲೆ ನಿರ್ಧಾರ ಮಾಡಿ. ಏನಂತೀರಿ?